ಸುಸಾನಳ ಹೂವು



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಗುಲಾಬಿ, ಮಲ್ಲಿಗೆ, ಕನಕಾಂಬರಗಳ ಯೋಗಕ್ಷೇಮವನ್ನು ಕುರಿತವು. ಈ ಸಲ ಸೊರಬದ ಕಡೆಯ ಸೋದರಿಯೊಬ್ಬರು ಬರೆದಿರುವ ಪತ್ರ ಅವುಗಳಿಗಿಂತ ಭಿನ್ನವಾಗಿದೆ. ಅವರ ಮಾವನವರು ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಬೇಣದ ಹುಲ್ಲಿನ ನಡುವೆ ಅರಳಿದ್ದ ಬಿಳಿಯ ಹೂವೊಂದನ್ನು ಕಂಡು ಬೆರಗಾಗಿ, ಅದರ ಮೂರು ಗೆಡ್ಡೆಗಳನ್ನು ಅಗೆದು ತಂದು ಸೊಸೆಯ ಕೈಗಿತ್ತರಂತೆ. ಅಂಗೈಯಷ್ಟು ಅಗಲದ ಹೂವು. ಎರಡೂ ಬದಿಗೆ ಬಾಚಣಿಗೆಯ ಹಲ್ಲಿನಂತೆ ಸೀಳಿದ ದಳ. ಹಿಂದೆ ಗೇಣುದ್ದದ ಬಾಲ. ಕತ್ತಲಾದ ಮೇಲೆ ಜಗಲಿಯೆಲ್ಲ ಪರಿಮಳ. ಆ ವರ್ಷ ಹೂವು ಕುಂಡದಲ್ಲಿಯೇ ಪೂರ್ತಿ ಅರಳಿ ಮುಗಿಯಿತು. ಮರುವರ್ಷ ಮೊಳಕೆಯೇ ಬರಲಿಲ್ಲ. ಮಣ್ಣು ಕೆದಕಿ ನೋಡಿದರೆ ಕೊಳೆತ ಸಿಪ್ಪೆ ಮಾತ್ರ ಸಿಕ್ಕಿತು. "ಮಾವನವರು ಈ ವರ್ಷ ಇನ್ನೂ ನಾಲ್ಕು ಗೆಡ್ಡೆ ತಂದುಕೊಡುತ್ತೇನೆ ಎನ್ನುತ್ತಿದ್ದಾರೆ. ತರಿಸಲೇ? ತರಿಸಿದರೆ ಹೇಗೆ ಉಳಿಸಿಕೊಳ್ಳಲಿ?" ಎಂಬುದು ಅವರ ಪ್ರಶ್ನೆ.

ಮೊದಲ ಪ್ರಶ್ನೆಗೆ ನಮ್ಮ ಉತ್ತರ, ತರಿಸಬೇಡಿ ಎಂಬುದೇ. ಕಾರಣವನ್ನು ಮುಂದೆ ಹೇಳುತ್ತೇವೆ. ಎರಡನೆಯ ಪ್ರಶ್ನೆಗೆ ಉತ್ತರ ದೀರ್ಘವಾದುದು. ಅದಕ್ಕೂ ಮುನ್ನ ಈ ಹೂವಿನ ಕುಲಗೋತ್ರವನ್ನು ತಿಳಿಯುವುದು ಒಳ್ಳೆಯದು. ಏಕೆಂದರೆ ಇದರ ಹೆಸರಿನ ಹಿಂದೆ ಒಂದು ದಾಂಪತ್ಯದ ಕಥೆಯಿದೆ.

ಸೋದರಿಯು ವರ್ಣಿಸಿರುವುದು ಆರ್ಕಿಡ್ ಕುಲದ ಪೆಕ್ಟೈಲಿಸ್ ಎಂಬ ಪಂಗಡದ ಸಸ್ಯವನ್ನು. ಲ್ಯಾಟಿನ್ನಿನಲ್ಲಿ ಪೆಕ್ಟೆನ್ ಎಂದರೆ ಬಾಚಣಿಗೆ; ಹೂವಿನ ಅಂಚನ್ನು ನೋಡಿದವರಿಗೆ ಈ ಹೆಸರಿನ ಔಚಿತ್ಯ ಕೂಡಲೇ ತಿಳಿಯುತ್ತದೆ. ಆರ್ಕಿಡ್ ಎಂದೊಡನೆ ಮರದ ಮೇಲೆ ಬೆಳೆಯುವ ಸೀತಾಳೆದಂಡೆ ನಮ್ಮ ಮಲೆನಾಡಿನವರ ಕಣ್ಣಮುಂದೆ ಬರುತ್ತದೆ. ಇದು ಹಾಗಲ್ಲ. ನೆಲದಲ್ಲಿ ಗೆಡ್ಡೆಯಾಗಿ ಮಲಗಿದ್ದು, ಮಳೆಗೆ ಎದ್ದು, ಎರಡರಿಂದ ನಾಲ್ಕು ಅಡಿಯವರೆಗೆ ಬೆಳೆದು, ಹೂವಾಗಿ, ಮತ್ತೆ ಮಣ್ಣಿಗೆ ಮರಳುವ ಸಸ್ಯ. ನಮ್ಮ ಪಶ್ಚಿಮ ಘಟ್ಟಗಳ ಹುಲ್ಲುಗಾವಲುಗಳಲ್ಲಿ ಬೆಳೆಯುವುದಕ್ಕೆ ಪೆಕ್ಟೈಲಿಸ್ ಜೈಗ್ಯಾಂಟಿಯಾ ಎಂದು ಹೆಸರು. ಇದರ ಸೋದರ ಸಸ್ಯವಾದ ಪೆಕ್ಟೈಲಿಸ್ ಸುಸಾನೆ ಈಶಾನ್ಯ ಭಾರತ, ಬರ್ಮಾ, ಥಾಯ್ಲೆಂಡ್, ವಿಯೆಟ್ನಾಂ, ದಕ್ಷಿಣ ಚೀನ ಮತ್ತು ಮಲಯ ದೇಶಗಳಿಂದ ಇಂಡೋನೇಷ್ಯಾದ ದ್ವೀಪಗಳವರೆಗೆ ಹರಡಿದೆ. ಎರಡೂ ಎಷ್ಟು ಹೋಲುತ್ತವೆಯೆಂದರೆ ನಮ್ಮ ದೇಶದ ಹಳೆಯ ಸಸ್ಯಶಾಸ್ತ್ರ ಗ್ರಂಥಗಳಲ್ಲಿ ಘಟ್ಟದ ಹೂವನ್ನೂ ಹಬೆನೇರಿಯಾ ಸುಸಾನೆ ಎಂದೇ ಬರೆದುಬಿಟ್ಟಿದ್ದರು. ಇಂದಿಗೂ ಇವುಗಳನ್ನು ಹಬೆನೇರಿಯಾ ಪಂಗಡಕ್ಕೇ ಸೇರಿಸಬೇಕೆಂದು ವಾದಿಸುವ ವಿದ್ವಾಂಸರಿದ್ದಾರೆ. ಬೆಳೆಸುವ ನಮಗೆ ಆ ವಾದದಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಸುಸಾನ ಯಾರು? ಹದಿನೇಳನೆಯ ಶತಮಾನದಲ್ಲಿ ಲವಂಗದ ವ್ಯಾಪಾರಕ್ಕಾಗಿ ಡಚ್ಚರ ಈಸ್ಟ್ ಇಂಡಿಯಾ ಕಂಪನಿಯು ಈಗಿನ ಇಂಡೋನೇಷ್ಯಾಕ್ಕೆ ಸೇರಿದ ಆಂಬೋನ್ ದ್ವೀಪವನ್ನು ಹಿಡಿದುಕೊಂಡಿತ್ತು. ಆ ಕಂಪನಿಯ ನೌಕರಿಗೆ ಸೇರಿ ಅಲ್ಲಿಗೆ ಹೋದ ಜರ್ಮನ್ ತರುಣ ಗಿಯೋರ್ಗ್ ಎಬರ್‌ಹಾರ್ಡ್ ರಂಫಿಯಸ್. ಹುಟ್ಟಿದ್ದು 1627ರಲ್ಲಿ. ಹೊಟ್ಟೆಪಾಡಿಗೆ ಕಂಪನಿಯ ಕಾಯಕವಾದರೂ ಆತನ ಜೀವವೆಲ್ಲ ಆ ದ್ವೀಪದ ಗಿಡಮರಗಳಲ್ಲಿ, ಚಿಪ್ಪುಗಳಲ್ಲಿ ನೆಟ್ಟಿತ್ತು. ಸುಸಾನ ಆತನ ಪತ್ನಿ. ಗಿಡಮೂಲಿಕೆಗಳನ್ನು ಅರಸಿ ಕಾಡುಮೇಡು ಸುತ್ತುವಾಗ ಆಕೆಯೂ ಜೊತೆಯಲ್ಲಿ ಹೋಗುತ್ತಿದ್ದಳು. ಈ ಬಿಳಿಯ ಹೂವನ್ನು ಮೊದಲು ಕಂಡು ಗಂಡನಿಗೆ ತೋರಿಸಿದವಳೂ ಆಕೆಯೇ.

1670ರಲ್ಲಿ ರಂಫಿಯಸ್‌ನ ಕಣ್ಣು ಹೋಯಿತು. ಅಲ್ಲಿಯವರೆಗೆ ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದ ಗ್ರಂಥವನ್ನು ಕೈಬಿಡದೆ, ಬರೆದುಕೊಳ್ಳುವವರಿಗೆ ಅನುಕೂಲವಾಗಲೆಂದು ಡಚ್ ಭಾಷೆಯಲ್ಲಿ ಮೊದಲಿನಿಂದ ಹೇಳಿ ಬರೆಯಿಸತೊಡಗಿದನು. ಕಣ್ಣಿಲ್ಲದವನಿಗೆ ಎಲೆಯ ಅಂಚನ್ನು, ಹೂವಿನ ಬಣ್ಣವನ್ನು ಹೇಳುವವರು ಬೇಕಷ್ಟೆ. ನಾಲ್ಕು ವರ್ಷ ಕಳೆಯಿತು. 1674ರ ಫೆಬ್ರವರಿ 17ರ ಸಂಜೆ, ಚೀನೀಯರ ಹೊಸ ವರ್ಷದ ಹಬ್ಬದ ಸಡಗರದಲ್ಲಿ ಊರು ಮುಳುಗಿದ್ದಾಗ ಭೂಮಿ ನಡುಗಿತು. ಸಮುದ್ರ ಉಕ್ಕಿ ದ್ವೀಪದ ಕರಾವಳಿಯ ಹಳ್ಳಿಗಳನ್ನು ನುಂಗಿತು. ಎರಡು ಸಾವಿರಕ್ಕೂ ಮಿಕ್ಕಿ ಜನ ಸತ್ತರು. ಚೀನೀಯರ ಕೇರಿಯಲ್ಲಿ ಗೋಡೆ ಕುಸಿದು ಸುಸಾನಳೂ ಮನೆಯ ಹೆಣ್ಣುಮಗುವೂ ಅದರ ಅಡಿಯಲ್ಲಿ ಸಿಕ್ಕಿ ಸತ್ತರು. ಕುರುಡನಾದ ಆ ಮನುಷ್ಯ ತನ್ನವರ ಶವಗಳ ಪಕ್ಕದಲ್ಲಿ ಕುಳಿತು ರೋದಿಸುತ್ತಿದ್ದುದನ್ನು ಅಂದಿನ ಕಂಪನಿಯ ದಿನಚರಿಯೇ ಮರುಗಿ ದಾಖಲಿಸಿದೆ. ಲೆಕ್ಕಪತ್ರಗಳ ನಡುವೆ ಅಂತಹ ಸಾಲು ಬರುವುದು ಅಪರೂಪ.

ಅನಂತರ ತನ್ನ ಗ್ರಂಥದಲ್ಲಿ ಈ ಹೂವಿನ ಸರದಿ ಬಂದಾಗ, ಇದಕ್ಕೆ ಹಳೆಯ ಹೆಸರು ಯಾವುದೂ ತನಗೆ ದೊರೆತಿಲ್ಲವಾಗಿ, ಗಿಡಗಳನ್ನು ಹುಡುಕುವಲ್ಲಿ ತನ್ನ ಮೊದಲ ಸಂಗಾತಿಯಾಗಿದ್ದವಳ ನೆನಪಿಗೆ ಇದನ್ನು 'ಸುಸಾನಳ ಹೂವು' ಎಂದು ಕರೆಯುತ್ತೇನೆಂದು ರಂಫಿಯಸ್ ಬರೆಯಿಸಿದನು. ರಾಜರಿಗೂ ಶ್ರೀಮಂತರಿಗೂ ಗಿಡಗಳ ಹೆಸರನ್ನು ಅರ್ಪಿಸುತ್ತಿದ್ದ ಕಾಲದಲ್ಲಿ ಹೆಂಡತಿಯ ಹೆಸರನ್ನಿಟ್ಟ ಈ ಕುರುಡನ ಬಗ್ಗೆ ನಮಗೆ ವಿಶೇಷ ಗೌರವವಿದೆ. ಆ ಗ್ರಂಥವೂ ಸುಲಭವಾಗಿ ಬೆಳಕು ಕಾಣಲಿಲ್ಲ. 1687ರಲ್ಲಿ ಬೆಂಕಿ ಬಿದ್ದು ಚಿತ್ರಗಳು ಸುಟ್ಟುಹೋದವು, ಮತ್ತೆ ಬರೆಯಿಸಿದನು. ಮೊದಲ ಆರು ಭಾಗಗಳನ್ನು ಹೊತ್ತು ಹೊರಟ ಹಡಗನ್ನು 1692ರಲ್ಲಿ ಫ್ರೆಂಚರು ಮುಳುಗಿಸಿದರು. ಬಟಾವಿಯಾದಲ್ಲಿದ್ದ ಗವರ್ನರ್ ಜನರಲ್ ಕಾಂಫೌಸ್ ಎಂಬುವನು ಮುಂದಾಲೋಚನೆಯಿಂದ ಪ್ರತಿಯೊಂದನ್ನು ತೆಗೆಯಿಸಿ ಇಟ್ಟುಕೊಂಡಿದ್ದರಿಂದ ಕೃತಿ ಉಳಿಯಿತು. ರಂಫಿಯಸ್ 1702ರಲ್ಲಿ ತೀರಿಕೊಂಡನು; ಸಾವಿರದ ಇನ್ನೂರಕ್ಕೂ ಹೆಚ್ಚು ಸಸ್ಯಗಳನ್ನು ವರ್ಣಿಸುವ ಆ ಗ್ರಂಥ ಅಚ್ಚಾದದ್ದು 1741ರಿಂದ ಮುಂದೆ, ಆಮ್‌ಸ್ಟರ್‌ಡಾಮಿನಲ್ಲಿ. (ಅದೇ ಡಚ್ಚರ ಕಂಪನಿಯವರು ನಮ್ಮ ನೆರೆಯ ಕೊಚ್ಚಿಯಲ್ಲಿ ಕುಳಿತು ಸಿದ್ಧಪಡಿಸಿದ ಹಾರ್ಟಸ್ ಮಲಬಾರಿಕಸ್‌ನ ಹನ್ನೆರಡು ಸಂಪುಟಗಳು 1678ರಿಂದ 1693ರೊಳಗೇ ಹೊರಬಂದವು. ಗ್ರಂಥಗಳಿಗೂ ಅದೃಷ್ಟವೆಂಬುದೊಂದಿದೆ.) 1753ರಲ್ಲಿ ಲಿನೇಯಸ್ ಸಸ್ಯಗಳಿಗೆ ಜೋಡಿ ಹೆಸರಿಡುವಾಗ ಸುಸಾನಳ ಹೆಸರನ್ನು ಹಾಗೆಯೇ ಉಳಿಸಿದನು.

ಇನ್ನು ಬೆಳೆಸುವ ವಿಷಯ.

ಈ ಸಸ್ಯದ ಮರ್ಮವೆಲ್ಲ ಅದರ ಗೆಡ್ಡೆಯಲ್ಲಿದೆ. ಪ್ರತಿ ವರ್ಷ ಹಳೆಯ ಗೆಡ್ಡೆಯ ಸಾರವನ್ನು ಹೀರಿಕೊಂಡು ಕಾಂಡ ಮೇಲೇಳುತ್ತದೆ. ಮಳೆಗಾಲದಲ್ಲಿ ಎಲೆಗಳು ಬಿಸಿಲನ್ನುಂಡು ಪಕ್ಕದಲ್ಲಿಯೇ ಹೊಸ ಗೆಡ್ಡೆಯೊಂದನ್ನು ಕಟ್ಟುತ್ತವೆ. ಹಳೆಯದು ಸುಕ್ಕಾಗಿ ಕರಗುತ್ತದೆ. ಆದ್ದರಿಂದ ಈ ವರ್ಷ ನೀವು ಕಾಣುವ ಹೂವು ಹೋದ ವರ್ಷದ ಎಲೆಗಳ ದುಡಿಮೆ. ಈ ವರ್ಷದ ಎಲೆಗಳು ಬರುವ ವರ್ಷಕ್ಕಾಗಿ ದುಡಿಯುತ್ತಿರುತ್ತವೆ. ಹೂವರಳಿರುವ ಗಿಡವನ್ನು ಕಿತ್ತು ತಂದಾಗ ಏನಾಗುತ್ತದೆಂಬುದನ್ನು ಇದರಿಂದ ಊಹಿಸಬಹುದು. ಬೇರುಗಳು ಹರಿದು, ಹೊಸ ಗೆಡ್ಡೆ ಅರ್ಧ ಬೆಳೆದಿರುವಾಗಲೇ ಅದರ ಆಹಾರ ನಿಲ್ಲುತ್ತದೆ. ಹಳೆಯ ಗೆಡ್ಡೆಯ ಬಲದಿಂದ ಹೂವು ಅರಳಿ ಮುಗಿಯುತ್ತದೆ; ಗಿಡ ಬದುಕಿತೆಂದು ನಾವು ಭ್ರಮಿಸುತ್ತೇವೆ. ಸೋದರಿಯ ಮನೆಯಲ್ಲಿ ಆದದ್ದು ಬಹುಮಟ್ಟಿಗೆ ಇದೇ.

ಉಳಿದದ್ದನ್ನು ನೀರು ಮುಗಿಸಿರಬೇಕು. ಈ ಮಾತನ್ನು ನಾವು ಸ್ವಾನುಭವದಿಂದ ಹೇಳುತ್ತಿದ್ದೇವೆ. ನಮ್ಮ ಮನೆಗೆ ಮೊದಲ ಗೆಡ್ಡೆ ಬಂದ ವರ್ಷ ಕಾರ್ತಿಕದಲ್ಲಿ ಎಲೆ ಹಳದಿಯಾಗತೊಡಗಿದಾಗ ನಾವು ಗಾಬರಿಗೊಂಡು ಬೆಳಿಗ್ಗೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ ನೀರೆರೆದೆವು. ಹಿಂಡಿಯ ನೀರನ್ನೂ ಕೊಟ್ಟೆವು. "ಅದು ಸಾಯುತ್ತಿಲ್ಲ, ಮಲಗುತ್ತಿದೆ; ಸುವರ್ಣಗೆಡ್ಡೆಯ ಎಲೆ ಒಣಗಿದರೆ ಹೀಗೆ ನೀರು ಹೊಯ್ಯುತ್ತೀರಾ?" ಎಂದು ನಮ್ಮ ಮನೆಯವರು ಕೇಳಿದರು. ಆರ್ಕಿಡ್ಡಿನ ವಿಷಯ ಅಡುಗೆಮನೆಯ ಗೆಡ್ಡೆಯಂತಲ್ಲವೆಂದು ನಾವು ಪುಸ್ತಕ ತೆರೆದು ತೋರಿಸಿದೆವು. ಮಕರ ಸಂಕ್ರಾಂತಿಯ ಹೊತ್ತಿಗೆ ಕುಂಡದಿಂದ ದುರ್ವಾಸನೆ ಬರತೊಡಗಿತು. ಎರಡನೆಯ ಗೆಡ್ಡೆ ಅವರ ಉಸ್ತುವಾರಿಯಲ್ಲಿಯೇ ಇದೆ. ಅಂದಿನಿಂದ ತಪ್ಪದೆ ಏಳುತ್ತಿದೆ.

ಕುಂಡವು ಎಂಟು ಹತ್ತು ಅಂಗುಲ ಆಳವಿರಲಿ. ಮಣ್ಣಿನ ಕುಂಡವೇ ಮೇಲು, ಏಕೆಂದರೆ ಅದು ಉಸಿರಾಡುತ್ತದೆ. ತಳದ ರಂಧ್ರಗಳ ಮೇಲೆ ಎರಡು ಅಂಗುಲದಷ್ಟು ಇಟ್ಟಿಗೆ ಚೂರು ಹರಡಿ. ಅದರ ಮೇಲೆ ದಪ್ಪ ಮರಳು, ಚೆನ್ನಾಗಿ ಕಳಿತ ದರಗಿನ ಗೊಬ್ಬರ, ಕೆಂಪು ಮಣ್ಣು ಇವುಗಳನ್ನು ಸಮಭಾಗವಾಗಿ ಕಲಸಿ, ಒಂದು ಹಿಡಿ ಇದ್ದಿಲಿನ ಚೂರು ಸೇರಿಸಿ ತುಂಬಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉದುರಬೇಕು, ಉಂಡೆಯಾಗಬಾರದು. ನಮ್ಮ ಬಯಲುಸೀಮೆಯ ಎರೆಮಣ್ಣನ್ನು ಮಾತ್ರ ಯಾವ ಕಾರಣಕ್ಕೂ ಹತ್ತಿರ ಸೇರಿಸಬೇಡಿ; ಜೋಳಕ್ಕೆ ಅಮೃತವಾದದ್ದು ಇದಕ್ಕೆ ವಿಷ. ಹಸಿ ಸಗಣಿಯೂ ಬೇಡ.

ಗೆಡ್ಡೆಯನ್ನು ಮೊಳಕೆಯ ತುದಿ ಮೇಲಾಗುವಂತೆ ಎರಡು ಅಂಗುಲ ಆಳದಲ್ಲಿಡಬೇಕು. ಕಾಲ ಬಸವ ಜಯಂತಿಯ ಆಸುಪಾಸು. ಇಟ್ಟ ಕೂಡಲೇ ನೀರು ಹಾಕುವ ಆತುರ ಬೇಡ. ರೋಹಿಣಿ ಮಳೆಯ ಹೊತ್ತಿಗೆ, ಕೆಲವೊಮ್ಮೆ ಮೃಗಶಿರಕ್ಕೆ, ಮೊಳಕೆಯು ಮಣ್ಣನ್ನು ಸೀಳಿ ಹೊರಬರುತ್ತದೆ. ಆಗಲೂ ಕುಂಡದ ಅಂಚಿನಲ್ಲಿ ಸ್ವಲ್ಪವೇ ನೀರು. ಸುರುಳಿಯಾದ ಎಳೆಯ ಎಲೆಗಳ ನಡುವೆ ನೀರು ನಿಂತರೆ ಒಂದೇ ರಾತ್ರಿಯಲ್ಲಿ ಸುಳಿ ಕೊಳೆಯುತ್ತದೆ. ಎಲೆ ಬಿಚ್ಚಿಕೊಂಡ ಮೇಲೆ ಮಣ್ಣು ಸದಾ ತೇವವಾಗಿರಬೇಕು, ಕೆಸರಾಗಬಾರದು. ಕೊಳವೆಬಾವಿಯ ಗಡಸು ನೀರು ಇದಕ್ಕೆ ಒಗ್ಗುವುದಿಲ್ಲ. ಮಳೆಯ ನೀರನ್ನು ಹಂಡೆಯಲ್ಲಿ ಹಿಡಿದಿಟ್ಟು ಬಳಸಿ.

ಬೆಳಿಗ್ಗೆಯ ಬಿಸಿಲು ಎರಡು ಮೂರು ಗಂಟೆ ಬೀಳುವ, ಮಧ್ಯಾಹ್ನ ನೆರಳಾಗುವ ಸ್ಥಳ ಶ್ರೇಷ್ಠ. ಹುಲ್ಲುಗಾವಲಿನ ಗಿಡವಾದುದರಿಂದ ಬೆಳಕು ಬೇಕೇಬೇಕು. ಪಡಸಾಲೆಯ ಮೂಲೆಯಲ್ಲಿಟ್ಟರೆ ಕಾಂಡ ಸಣಕಲಾಗಿ ಹೂವಿನ ಭಾರಕ್ಕೆ ಬಾಗುತ್ತದೆ. ಮಲೆನಾಡಿನವರು ಸತತ ಮಳೆಯಿಂದ ಕಾಪಾಡಲು ಸೂರಿನಂಚಿಗೆ ಇಡಬೇಕು. ಕಲಬುರಗಿ, ವಿಜಯಪುರಗಳ ಕಡೆಯವರ ಕಷ್ಟವೇ ಬೇರೆ. ಅಲ್ಲಿ ಒಣಗಾಳಿಯಿಂದ ಮೊಗ್ಗು ಉದುರುತ್ತದೆ. ಅಗಲವಾದ ತಟ್ಟೆಯಲ್ಲಿ ಹಸಿ ಮರಳು ಹರಡಿ, ಅದರ ಮೇಲೆ ಎರಡು ಇಟ್ಟಿಗೆಯಿಟ್ಟು ಕುಂಡವನ್ನು ನಿಲ್ಲಿಸಿದರೆ ಸುತ್ತಲೂ ತಂಪಿರುತ್ತದೆ. ಆದರೆ ಬೇಸಗೆಯ ನಿದ್ರೆಯ ವಿಷಯದಲ್ಲಿ ಅವರೇ ಭಾಗ್ಯವಂತರು: ಅಲ್ಲಿ ಮಣ್ಣು ತಾನಾಗಿ ಒಣಗಿರುತ್ತದೆ. ಬೆಂಗಳೂರು, ಮೈಸೂರುಗಳವರಿಗೆ ಹೇಳುವಂಥದ್ದೇನೂ ಇಲ್ಲ.

ಗೊಬ್ಬರವನ್ನು ಪೊಟ್ಟಣದ ಮೇಲೆ ಬರೆದಿರುವ ಪ್ರಮಾಣದ ಕಾಲುಭಾಗಕ್ಕೆ ಇಳಿಸಿ, ನೀರಿನಲ್ಲಿ ಕರಗಿಸಿ, ಹದಿನೈದು ದಿನಕ್ಕೊಮ್ಮೆ, ಮೊಗ್ಗು ಕಾಣುವವರೆಗೆ ಮಾತ್ರ ಕೊಡಬೇಕು. ಬಸವನಹುಳುಗಳು ಎಳೆಯ ಸುಳಿಯನ್ನು ರಾತ್ರೋರಾತ್ರಿ ತಿಂದು ಮುಗಿಸುತ್ತವೆ. ಲಾಟೀನು ಹಿಡಿದು ಹುಡುಕಿ ತೆಗೆಯುವುದಕ್ಕಿಂತ ಉತ್ತಮ ಔಷಧವನ್ನು ನಾವು ಕಂಡಿಲ್ಲ. ಈಗಿನ ಮಕ್ಕಳು ಮೊಬೈಲಿನ ದೀಪದಲ್ಲಿ ಈ ಕೆಲಸವನ್ನು ಸಂತೋಷದಿಂದ ಮಾಡುತ್ತಾರೆ.

ಆಶ್ಲೇಷ, ಮಘೆ ಮಳೆಗಳ ಸಮಯಕ್ಕೆ ಮೊಗ್ಗು ಬಿರಿಯುತ್ತದೆ. ಒಂದು ಕಾಂಡದಲ್ಲಿ ಎರಡರಿಂದ ಐದು ಹೂವು. ಹಗಲಲ್ಲಿ ನೋಟಕ್ಕಷ್ಟೇ, ಕತ್ತಲಾದ ಮೇಲೆ ಪರಿಮಳ ಹೊರಡುತ್ತದೆ. ಬಿಳಿಯ ಬಣ್ಣ, ಇರುಳಿನ ಗಂಧ, ಉದ್ದನೆಯ ಬಾಲ, ಈ ಮೂರೂ ರಾತ್ರಿ ಹಾರುವ ದೊಡ್ಡ ಪತಂಗಗಳಿಗಾಗಿ. ಬಾಲದ ತುದಿಯಲ್ಲಿ ಮಧುವಿದೆ. ಅಷ್ಟುದ್ದದ ನಾಲಗೆಯುಳ್ಳ ಪತಂಗ ಮಾತ್ರ ಅದನ್ನು ಮುಟ್ಟಬಲ್ಲದು. ಮಧು ಹೀರುವಾಗ ಅದಕ್ಕೆ ಅಂಟಿದ ಪರಾಗದ ಗಂಟು ಮುಂದಿನ ಹೂವನ್ನು ಸೇರುತ್ತದೆ.

ಬಿಳಿಯ ಹೂವೆಂದಾಗ ಲಿಂಗಪೂಜೆಗೆ ಏರಿಸಬಹುದೇ ಎಂದು ಕೇಳುವವರುಂಟು. ಅವಶ್ಯವಾಗಿ ಏರಿಸಬಹುದು. ಆದರೆ ಹೂವನ್ನಷ್ಟೇ ಬಿಡಿಸಿಕೊಳ್ಳಿ. ಕಾಂಡವನ್ನು ಎಲೆಸಹಿತ ಮುರಿದರೆ ಬರುವ ವರ್ಷದ ಗೆಡ್ಡೆಯನ್ನು ಮುರಿದಂತೆ.

ಹೂವು ಬಾಡಿದ ಮೇಲೂ ಎಲೆ ಹಸಿರಾಗಿರುವಷ್ಟು ದಿನ ನೀರು ಕೊಡುತ್ತಿರಬೇಕು. ದೀಪಾವಳಿ ಕಳೆದು ಎಲೆ ತಾನಾಗಿ ಹಳದಿಯಾಗತೊಡಗಿದಾಗ ನೀರನ್ನು ಇಳಿಸುತ್ತ ಬಂದು, ಕಾಂಡ ಒಣಗಿದೊಡನೆ ಪೂರ್ತಿಯಾಗಿ ನಿಲ್ಲಿಸಿ. ಕುಂಡವನ್ನು ಮಳೆ ಬೀಳದ, ನೆರಳಿನ, ಗಾಳಿಯಾಡುವ ಜಾಗಕ್ಕೆ ಸೇರಿಸಿ ಬಾಯಿಗೆ ತಂತಿ ಬಲೆ ಕಟ್ಟಿ. ಇಲಿ ಹೆಗ್ಗಣಗಳಿಗೆ ಈ ಗೆಡ್ಡೆ ಬಲು ರುಚಿ. ಮೇಲೊಂದು ಚೀಟಿ ಅಂಟಿಸುವುದನ್ನು ಮರೆಯಬೇಡಿ. ಬರೀ ಮಣ್ಣಿನ ಕುಂಡವೆಂದು ತಿಳಿದು ಯಾರಾದರೂ ಮೆಂತ್ಯ ಬಿತ್ತಿಬಿಡುವ ಅಪಾಯವಿದೆ. ಯುಗಾದಿಯ ನಂತರ ಮಣ್ಣನ್ನು ಮೆಲ್ಲನೆ ಸುರಿದು ನೋಡಿದರೆ ಹಳೆಯ ಗೆಡ್ಡೆಯ ಕಪ್ಪು ಸಿಪ್ಪೆಯೂ ಅದರ ಬಳಿ ತುಂಬಿಕೊಂಡ ಹೊಸದೂ ಕಾಣಸಿಗುತ್ತವೆ. ಒಂದು ಒಂದೇ ಆಗುವುದು ಹೆಚ್ಚು. ಎರಡಾದರೆ ಆ ವರ್ಷ ನಿಮ್ಮ ಆರೈಕೆ ಫಲಿಸಿತೆಂದು ತಿಳಿಯಿರಿ.

ಹೀಗೆ ಗೆಡ್ಡೆಯಿಂದ ಇದು ವೃದ್ಧಿಯಾಗುವುದು ಅತಿ ನಿಧಾನ. ಬೀಜದಿಂದಲಾದರೋ ಇನ್ನೂ ಕಠಿಣ. ಒಂದು ಕಾಯಿಯಲ್ಲಿ ಲೆಕ್ಕವಿಲ್ಲದಷ್ಟು ಬೀಜಗಳಿದ್ದರೂ ಅವು ಧೂಳಿನ ಕಣದಂತಹವು. ಮೊಳೆಯಲು ಬೇಕಾದ ಆಹಾರ ಬೀಜದೊಳಗಿಲ್ಲ. ಮಣ್ಣಿನಲ್ಲಿರುವ ಶಿಲೀಂಧ್ರವೊಂದು ಒಳಹೊಕ್ಕು ಉಣಿಸಿದರೆ ಮಾತ್ರ ಮೊಳಕೆ. ಆ ಶಿಲೀಂಧ್ರ ಬೇಣದ ಮಣ್ಣಿನಲ್ಲಿದೆ, ನಮ್ಮ ಕುಂಡದಲ್ಲಿ ಇರಬಹುದು ಅಥವಾ ಇಲ್ಲದಿರಬಹುದು. ತಾಯಿಗಿಡದ ಬುಡದಲ್ಲಿಯೇ ಬೀಜ ಉದುರಿಸಿ ಅದೃಷ್ಟವನ್ನು ಪರೀಕ್ಷಿಸಬಹುದಷ್ಟೆ. ಮೊಳೆತರೂ ಹೂವಿಗೆ ಹಲವು ವರ್ಷ ಕಾಯಬೇಕು.

ತರಿಸಬೇಡಿ ಎಂದುದಕ್ಕೆ ಕಾರಣ ಇಲ್ಲಿದೆ. ಬೇಣದಲ್ಲಿ ಹೂವು ಹೊತ್ತು ನಿಂತ ಒಂದು ಗಿಡವೆಂದರೆ ಲಕ್ಷಾಂತರ ಬೀಜಗಳಲ್ಲಿ ಬದುಕಿದ ಒಂದು, ಎಷ್ಟೋ ಬೇಸಗೆಗಳನ್ನು ನೆಲದೊಳಗೆ ಕಳೆದ ಒಂದು. ಮಾವನವರು ಮೂರು ತಂದರು, ನಾಲ್ಕು ತರಬಲ್ಲರು, ಅವರನ್ನು ನೋಡಿ ನೆರೆಯವರು ಹತ್ತು ತಂದಾರು. ಸಾಲಂಮಿಶ್ರಿ ಎಂದು ಗಂಧಿಗೆ ಅಂಗಡಿಗಳಲ್ಲಿ ಮಾರುವುದೂ ನೆಲದ ಆರ್ಕಿಡ್ಡುಗಳ ಗೆಡ್ಡೆಯೇ. ಅದಕ್ಕಾಗಿ ಅಗೆದು ಅಗೆದು ಎಷ್ಟೋ ಕಡೆ ಅವು ಬರಿದಾಗಿವೆ. ಮೀಸಲು ಅರಣ್ಯದಿಂದ ಗಿಡ ಕೀಳುವುದು ಕಾನೂನಿಗೆ ವಿರುದ್ಧ. ಆರ್ಕಿಡ್ ಕುಲದ ಎಲ್ಲ ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವೂ ಭಾರತ 1976ರಲ್ಲಿ ಸೇರಿದ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಸ್ವಂತ ಬೇಣವಾದರೆ ಕಾನೂನು ಕೇಳದಿರಬಹುದು. ಆದರೂ ಅಗೆಯಬೇಡಿ ಎಂದೇ ನಾವು ಹೇಳುತ್ತೇವೆ.

ಕುಂಡದಲ್ಲಿಯೇ ವೃದ್ಧಿಯಾದ ಗೆಡ್ಡೆಗಳನ್ನು ಮಾರುವ ನರ್ಸರಿಗಳಿವೆ. ಹವ್ಯಾಸಿಗಳು ತಮ್ಮಲ್ಲಿ ಹೆಚ್ಚಾದುದನ್ನು ಹಂಚಿಕೊಳ್ಳುವುದೂ ಉಂಟು. ಕೊಳ್ಳುವ ಮುನ್ನ ಎಲ್ಲಿ ಬೆಳೆದದ್ದು ಎಂದು ಕೇಳಿ. ಅತಿ ಅಗ್ಗವಾಗಿ, ರಾಶಿಗಟ್ಟಲೆ, ಒಂದೊಂದು ಒಂದೊಂದು ಗಾತ್ರದಲ್ಲಿ ಇದ್ದರೆ ಅವು ಕಾಡಿನವೆಂದು ಅನುಮಾನಿಸಬೇಕು. ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಮಲಗಿರುವ ಗೆಡ್ಡೆಯನ್ನೇ ಕೊಳ್ಳಿ; ಹೂವಿರುವ ಗಿಡ ಎಷ್ಟು ಚೆಲುವಾಗಿದ್ದರೂ ಮನಸ್ಸು ಸೋಲಬೇಡಿ.

ಸೊರಬದ ಸೋದರಿಗೆ ಇನ್ನೊಂದು ಮಾತು. ಮಾವನವರು ಅಷ್ಟು ಅಕ್ಕರೆಯಿಂದ ತಂದುಕೊಟ್ಟದ್ದನ್ನು ಬೇಡವೆನ್ನುವುದು ಹೇಗೆಂಬ ಸಂಕೋಚ ನಿಮ್ಮ ಪತ್ರದಲ್ಲಿ ಕಾಣುತ್ತದೆ. ತರಬೇಡಿ ಎನ್ನದೆ, ಆ ಜಾಗಕ್ಕೆ ನಿಮ್ಮನ್ನೂ ಮಕ್ಕಳನ್ನೂ ಒಮ್ಮೆ ಕರೆದೊಯ್ಯಬೇಕೆಂದು ಕೇಳಿ. ಆಗಸ್ಟಿನಲ್ಲಿ, ಸಂಜೆಯ ಹೊತ್ತು, ಮಳೆ ಬಿಡುವು ಕೊಟ್ಟ ದಿನ ಹೋದರೆ ಹೂವೂ ಪರಿಮಳವೂ ಎರಡೂ ಸಿಕ್ಕುತ್ತವೆ. ಉಂಬಳದ ಕಾಟಕ್ಕೆ ಸುಣ್ಣವನ್ನೋ ಹೊಗೆಸೊಪ್ಪನ್ನೋ ಮರೆಯದೆ ಒಯ್ಯಿರಿ. ನಮ್ಮ ಮನೆಯಲ್ಲಿ ಈ ವರ್ಷ ಗೆಡ್ಡೆ ಎರಡಾಗಿದ್ದರೆ ಯುಗಾದಿಯ ನಂತರ ಒಂದನ್ನು ನಿಮಗೆ ಕಳುಹಿಸಲು ನಮ್ಮ ಮನೆಯವರು ಒಪ್ಪಿದ್ದಾರೆ. ಒಂದೇ ಇದ್ದರೆ ಮತ್ತೊಂದು ವರ್ಷ ಕಾಯಬೇಕಾದೀತು.